ಕುರಿಗಣ್ಣು

ನಾನು ಲೆನ್ಸಿನ ಮೂತಿ ಕೊಯ್ಯುತ್ತಿದ್ದೆ. ಮೋಹನ್‌ಕುಮಾರ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದ.

“ಲೇ ತಿಮ್ಮೇಶ, ಅದು ಲೆನ್ಸು ಕಣೋ, ಕುಂಬಳಕಾಯಿ ಅಲ್ಲ!”

“ಗೊತ್ತೈತೆ ಬಿಡಣ್ಣ.”

“ಏನ್ ಗೊತ್ತೈತೆ ನಿಂಗೆ? ಕಬ್ಬಿಣ ಕೊಯ್ಯೋ ಗರಗಸದಾಗೆ ಲೆನ್ಸ್ ಕೊಯ್ಯೋನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ.”

“ಈಗ ನೋಡಿದ್ಯಲ್ಲ. ಆ ಟಾರ್ಚ್ ಇತ್ಲಾಗೆ ಹಿಡಿ.”

ಹಿರಿಯೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೋಹನ್‌ಕುಮಾರನ ಫೋಟೋ ಸ್ಟುಡಿಯೋ. ಅಲ್ಲಿ ನನ್ನದು ಮದುವೆಗಳಲ್ಲಿ ಲೈಟ್ ಹಿಡಿಯುವ, ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರ ಗದ್ದ ನೆಟ್ಟಗೆ ಮಾಡುವ, ಸತ್ತವರ ಹಳೇ ಫೋಟೋಕ್ಕೆ ಕಂಪ್ಯೂಟರಿನಲ್ಲಿ ಕೋಟು ತೊಡಿಸುವ ಕೆಲಸ. ಬಾಗಿಲ ಪಕ್ಕದ ಗಾಜಿನ ಷೋಕೇಸಿನಲ್ಲಿ ಪ್ಲಾಸ್ಟಿಕ್ ಹೂವಿನ ಜೊತೆ ಅವರಪ್ಪನ ಕಾಲದ ಮರದ ಕ್ಯಾಮೆರಾ ಕುಳಿತಿತ್ತು. ಹಿಂದುಗಡೆ ಚಿತ್ರ ಬಂದು ಬೀಳುವ, ಅಂಗೈಗಿಂತ ದೊಡ್ಡ ಮಸುಕು ಉಜ್ಜುಗಾಜು, ನಡುವೆ ಕರೀ ಚರ್ಮದ ತಿದಿ, ಮುಂದೆ ಲೆನ್ಸು ಕೂರಿಸಲು ಒಂದು ಹಲಗೆ. ಒಂದು ಕಾಲಕ್ಕೆ ಅದನ್ನು ಹೊತ್ತುಕೊಂಡು ಹೊಸದುರ್ಗ, ಹೊಳಲ್ಕೆರೆವರೆಗೂ ಹೋಗಿ ಶಾಲೆಗಳ ಗ್ರೂಪ್ ಫೋಟೋ ತೆಗೆದಿದ್ದರಂತೆ. ಈಗ ಅದರೊಳಗೆ ಜೇಡ ಸಂಸಾರ ಹೂಡಿತ್ತು.

ನನಗೆ ಸಿಕ್ಕಿದ್ದು ಫಿಶ್‌ಐ ಲೆನ್ಸು. ಮೀನುಗಣ್ಣು. ಹಳೆಯ ರಷ್ಯನ್ ಮಾಲು. ಅಗಲ ರೋಲ್ ಫಿಲಂ ಹಾಕುವ ಕ್ಯಾಮೆರಾಕ್ಕೆ ಮಾಡಿದ್ದು. ಒಳಗಾಜಿನಲ್ಲಿ ಬೂಷ್ಟು ಹಿಡಿದಿತ್ತು, ಅಂಚಿನಲ್ಲಿ ಒಂದು ಚೂರು ಹಾರಿತ್ತು. ಅದಕ್ಕೇ ಅಗ್ಗಕ್ಕೆ ನನ್ನಂಥವನ ಕೈಗೆ ಬಂತು. ದೊಡ್ಡ ಫಿಲಂನಲ್ಲಿ ಪನೋರಮಾ, ಅಂದರೆ ಅಗಲ ನೋಟದ ಚಿತ್ರ, ತೆಗೆಯುವ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಪಾಠ ಹೇಳುವ ಮಹಾನುಭಾವರ ಪ್ರಕಾರ, ಕಾರಿನಷ್ಟು ದುಬಾರಿ ಕ್ಯಾಮೆರಾ ಇಲ್ಲದವರು ಈ ಕಡೆ ತಲೆ ಹಾಕಬಾರದು. ಅವರ ತಲೆ ಅವರ ಹತ್ತಿರ ಇರಲಿ. ಈ ಉಬ್ಬಿದ ಗಾಜು ಅರ್ಧ ಭೂಮಿಯನ್ನು ಒಂದೇ ಸಲಕ್ಕೆ ನುಂಗುತ್ತದೆ. ಚಿಕ್ಕ ಕ್ಯಾಮೆರಾದಲ್ಲಿ ಅದು ನುಂಗಿದ್ದರ ಅಂಚೆಲ್ಲ ಹೊರಗೆ ಚೆಲ್ಲಿಹೋಗುತ್ತದೆ. ಮರದ ಕ್ಯಾಮೆರಾದ ದೊಡ್ಡ ಗಾಜಿನಲ್ಲಿ ಪೂರಾ ದುಂಡಗೆ ಬೀಳುತ್ತದೆ. ಅಡ್ಡಿಯಿದ್ದದ್ದು ಮೂತಿಯ ಸುತ್ತ ಎದ್ದು ನಿಂತು ಆ ದುಂಡಿನ ಅಂಚನ್ನು ಮರೆಮಾಡುತ್ತಿದ್ದ ನಾಲ್ಕು ದಳದ ತಗಡು. ಅದನ್ನೇ ಕೊಯ್ಯುತ್ತಿದ್ದೆ.

ಕೊನೆಯ ದಳ ಬಿದ್ದಾಗ ಮೋಹನ್‌ಕುಮಾರ್ ಕಣ್ಣು ಮುಚ್ಚಿಕೊಂಡ. ನಾನು ಲೆನ್ಸನ್ನು ಬಾಗಿಲ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದೆ. ಗಾಜಿನಲ್ಲಿ ಒಂದು ಪುಟ್ಟ ಹಿರಿಯೂರು ತಲೆಕೆಳಗಾಗಿ ತೇಲುತ್ತಿತ್ತು. ಓಣಿ ಬಿಲ್ಲಿನಂತೆ ಬಾಗಿತ್ತು, ಎರಡೂ ಕಡೆಯ ಅಂಗಡಿಗಳು ಒಂದರ ಕಿವಿಗೊಂದು ಬಾಯಿಟ್ಟು ಏನೋ ಹೇಳಿಕೊಳ್ಳುತ್ತಿದ್ದವು, ಸೈಕಲ್ಲಿನವನೊಬ್ಬ ಆಕಾಶದ ಮೇಲೆ ಪೆಡಲ್ ತುಳಿಯುತ್ತಾ ಹೋದ. ಆ ದಿನ ಬಸ್ಸಿನಲ್ಲಿ ಊರಿಗೆ ಹೋಗುವಾಗಲೂ ನಾನು ಹಾಗೇ ನೋಡುತ್ತಾ ಕುಳಿತೆ. ವೇದಾವತಿಯ ಸೇತುವೆ, ತೆಂಗಿನ ತೋಟ, ಹೆದ್ದಾರಿಯ ಲಾರಿಗಳು ಎಲ್ಲವೂ ಒಂದು ನೀರಿನ ಹನಿಯೊಳಗೆ ಹೋಗಿ ಬರುತ್ತಿದ್ದವು. ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದನಂತೆ. ನನಗೆ ಕೇಳಿಸಲಿಲ್ಲ.

ಇದೆಲ್ಲ ನಡೆದದ್ದು ಅಪ್ಪನ ಕಣ್ಣಿಗಾಗಿ.

ಜವನಗೊಂಡನಹಳ್ಳಿಯ ಆಚೆ ನಮ್ಮ ಹಟ್ಟಿ. ಅಪ್ಪ ಗೊಲ್ಲಪ್ಪ ಹುಟ್ಟಿದಾಗಿನಿಂದ ಕುರಿಗಳ ನಡುವೆಯೇ ಇದ್ದವನು. ಎರಡು ವರ್ಷದಿಂದ ಅವನ ಕಣ್ಣು ಅಂಚಿನಿಂದ ಒಳಕ್ಕೆ ಮುಚ್ಚುತ್ತಾ ಬರುತ್ತಿದೆ. ಚಿತ್ರದುರ್ಗದ ಕಣ್ಣಿನ ಡಾಕ್ಟರು, ನರ ಒಣಗಿದೆ, ಹೋದದ್ದು ಬರುವುದಿಲ್ಲ, ನಡುವೆ ಉಳಿದಿರುವುದನ್ನು ಹನಿ ಹಾಕಿ ಕಾಪಾಡಿಕೊಳ್ಳಿ ಅಂದರು. ಅಪ್ಪ ಹೇಳುವುದು ಬೇರೆ: “ಬಿದಿರು ಕೊಳವೆ ಕಣ್ಣಿಗಿಟ್ಕಂಡಂಗೆ ಕಣೋ.” ಕೊಳವೆಯೊಳಗೆ ಬಿದ್ದದ್ದು ಅವನಿಗೆ ನಿಚ್ಚಳ. ದೂರದ ಗುಡ್ಡದ ಮೇಲಿನ ಗಾಳಿಯಂತ್ರ ತಿರುಗುತ್ತಿದೆಯೋ ನಿಂತಿದೆಯೋ ಹೇಳುತ್ತಾನೆ. ಆದರೆ ಮೊಣಕಾಲ ಪಕ್ಕದ ಚೊಂಬನ್ನು ಒದೆಯುತ್ತಾನೆ, ಬಾಗಿಲ ಚೌಕಟ್ಟಿಗೆ ಹೆಗಲು ಬಡಿಸಿಕೊಳ್ಳುತ್ತಾನೆ. ಹಟ್ಟಿಯವರಿಗೆ ಇದು ತಮಾಷೆ. “ಗೊಲ್ಲಣ್ಣಂಗೆ ಹದ್ದು ಕಾಣ್ತೈತೆ, ಹೆಂಡ್ತಿ ಕಾಣಲ್ಲ” ಅನ್ನುತ್ತಿದ್ದರು. ಒಂದು ದಿನ ಅವ್ವ ಕೆಂಚಕ್ಕನೂ ಅವರ ಜೊತೆ ನಕ್ಕಳು. ನಾನು ಹಿತ್ತಿಲಿಗೆ ಹೋಗಿ ಗೋಡೆಗೆ ಗುದ್ದಿದೆ. ಗೋಡೆಗೇನೂ ಆಗಲಿಲ್ಲ.

ನಮ್ಮ ಮನೆಯಲ್ಲಿ ಕುರಿ ಎಣಿಸುವ ರೂಢಿ ಇಲ್ಲ. ಸಂಜೆ ಮುಳ್ಳುಬೇಲಿಯ ರೊಪ್ಪಕ್ಕೆ ಹಿಂಡನ್ನು ಸೇರಿಸುವ ಮೊದಲು ಹಿರಿಯನಾದವನು ದಿಬ್ಬದ ಮೇಲೆ ನಿಂತು ಒಂದೇ ಒಂದು ಸಲ ನೋಡುತ್ತಾನೆ. ಅದಕ್ಕೆ ಕಣ್ಣು ತುಂಬಿಸಿಕೊಳ್ಳುವುದು ಅನ್ನುತ್ತೇವೆ. ಕಣ್ಣು ತುಂಬಿತೆಂದರೆ ಎಲ್ಲವೂ ಬಂದಿವೆ. ಎಲ್ಲೋ ಒಂದು ಕಡೆ ಟೊಳ್ಳು ಅನ್ನಿಸಿದರೆ ಯಾವುದೋ ಹಿಂದೆ ಉಳಿದಿದೆ, ಹುಡುಕಲು ಹೋಗಬೇಕು. ಅಪ್ಪ ಈಗಲೂ ಸಂಜೆ ದಿಬ್ಬ ಹತ್ತುತ್ತಾನೆ. ಒಂದು ಕುರಿ ಕೊಳವೆಗೆ ಬೀಳುತ್ತದೆ. ಪಕ್ಕದ್ದಕ್ಕೆ ಕಣ್ಣು ಸರಿಸುವಷ್ಟರಲ್ಲಿ ಮೊದಲಿನದು ಕತ್ತಲಿಗೆ ಹೋಗಿರುತ್ತದೆ. ಹಾಗೆ ಎಷ್ಟು ಹೊತ್ತು ನಿಂತರೂ ಇಳಿದು ಬರುವಾಗ ಒಂದೇ ಮಾತು.

“ಹಿಂಡಿಲ್ಲ ಕಣೋ ತಿಮ್ಮ. ಬರೀ ಕುರಿ ಅವೆ.”

ಹಿಂಡು ಅಪ್ಪನದೊಬ್ಬನದಲ್ಲ, ಅಪ್ಪನದು ಮತ್ತು ಅವನ ತಮ್ಮ ಮುರುಗೇಶಪ್ಪನದು. ಚಿಕ್ಕಪ್ಪ ಕೆಟ್ಟವನಲ್ಲ. ಆದರೆ ಒಂದು ದಿನ ಅಂಗಳದಲ್ಲಿ ಕುಳಿತು ಹೇಳಿಯೇಬಿಟ್ಟ: “ಅಣ್ಣಂಗೆ ಕಾಣಲ್ಲ, ನಂಗೊಬ್ಬಂಗೆ ಇಷ್ಟು ದೊಡ್ಡ ಹಿಂಡು ಆಗಲ್ಲ. ಹೊಸದುರ್ಗದ ಕಡೆ ಹಿನ್ನೀರಲ್ಲಿ ಮೇವು ಚೆನ್ನಾಗೈತಂತೆ. ಹಿಂಡು ಒಡೆಯಾಣ. ನನ್ ಪಾಲು ನಾನು ಹೊಡ್ಕಂಡು ಹೋಗ್ತೀನಿ.”

“ಆಗ್ಲಿ” ಅಂದ ಅಪ್ಪ. “ಒಡ್ಯೋಕ್ ಮುಂಚೆ ಒಂದ್ಸಲ ಕಣ್ಣು ತುಂಬಿಸ್ಕಂಬ್ತೀನಿ.”

ಹೇಗೆ ಅಂತ ಯಾರೂ ಕೇಳಲಿಲ್ಲ. ಅವ್ವ ಎದ್ದು ಒಳಗೆ ಹೋದಳು. ನನಗೆ ಆ ಕ್ಷಣದಲ್ಲಿ ಡಾಕ್ಟರ ಮೇಲೆ, ಚಿಕ್ಕಪ್ಪನ ಮೇಲೆ, ನೀರಿನ ಮೇಲೆ, ಹುಲ್ಲಿನ ಮೇಲೆ ಸಿಟ್ಟು ಬಂತು.

ಮೊದಲು ಮೊಬೈಲಿನಲ್ಲಿ ಪ್ರಯತ್ನ ಮಾಡಿದೆ. ಪನೋರಮಾ ಅಂತ ಇರುತ್ತದಲ್ಲ, ನಿಧಾನವಾಗಿ ತಿರುಗುತ್ತಾ ತೆಗೆಯುವುದು. ಗುಡ್ಡಕ್ಕೆ, ಕೋಟೆಗೆ ಅದು ಸರಿ; ಅವು ನಿಲ್ಲುತ್ತವೆ. ಕುರಿ ನಿಲ್ಲುತ್ತದೆಯೇ? ಎಂಟು ಕಾಲಿನ ಟಗರು ಬಂತು. ತಲೆಯಿಲ್ಲದ ಮರಿ ಬಂತು. ಒಂದು ಕುರಿ ಸೀರೆಯ ಸೆರಗಿನಷ್ಟು ಉದ್ದ ಹರಡಿಕೊಂಡಿತ್ತು.

“ಇದೇನ್ಲೇ, ಕುರಿನೋ ಜರಿನೋ?” ಅಂದ ಚಿಕ್ಕಪ್ಪ.

ಆ ಉದ್ದನೆಯ ಪಟ್ಟಿಯನ್ನು ಪ್ರಿಂಟ್ ಹಾಕಿಸಿ ಅಪ್ಪನಿಗೆ ಕೊಟ್ಟರೆ, ಅವನ ಕೊಳವೆ ಅದರ ಮೇಲೆ ಈ ತುದಿಯಿಂದ ಆ ತುದಿಗೆ ಜಾರಿತು. “ಬಸ್ಸಿನ ಕಿಟಕಿಯಾಗಿಂದ ನೋಡಿದಂಗೈತೆ” ಅಂತ ವಾಪಸ್ ಕೊಟ್ಟ. ಆಗಲೇ ನನಗೆ ಹೊಳೆದದ್ದು. ಜಗತ್ತು ಉದ್ದವಾಗಬಾರದು, ಚಿಕ್ಕದಾಗಬೇಕು. ಒಂದೇ ರೆಪ್ಪೆ ಬಡಿತದಲ್ಲಿ ಎಲ್ಲವೂ ಸಿಗಬೇಕು, ಸಿಕ್ಕಿದ್ದು ಅಪ್ಪನ ಕೊಳವೆಯೊಳಗೆ ಹಿಡಿಸಬೇಕು.

ಮೂತಿ ಕೊಯ್ದ ಲೆನ್ಸನ್ನು ಪ್ಲೈವುಡ್ ಹಲಗೆಗೆ ಕೂರಿಸಿ ಮರದ ಕ್ಯಾಮೆರಾಕ್ಕೆ ಹಾಕಿದೆ. ತಿದಿಯನ್ನು ಪೂರ್ತಿ ಒಳಕ್ಕೆ ಒತ್ತಿದಾಗ ಗಾಜಿನ ಮೇಲೆ ಒಂದು ದುಂಡು ಬೆಳಕು ಮೂಡಿತು. ಅದಕ್ಕೆ ಶಟರ್ ಇಲ್ಲ. ಮುಚ್ಚಿ ತೆಗೆಯಲು ಕೊಬ್ಬರಿಎಣ್ಣೆ ಡಬ್ಬಿಯ ಮುಚ್ಚಳ. ಫಿಲಂ ಇಲ್ಲ, ಸ್ಟುಡಿಯೋದ ಅಟ್ಟದಲ್ಲಿ ಫೋಟೋ ಅಚ್ಚು ಹಾಕುವ, ಯಾವ ಕಾಲದ್ದೋ ಬ್ರೋಮೈಡ್ ಕಾಗದದ ಡಬ್ಬಿ ಸಿಕ್ಕಿತು. ಕಾಗದಕ್ಕೆ ವಯಸ್ಸಾಗಿತ್ತು, ಬೆಳಕನ್ನು ನಿಧಾನವಾಗಿ ಕುಡಿಯುತ್ತಿತ್ತು. ಬಚ್ಚಲುಮನೆಯಲ್ಲಿ ಕೆಂಪು ಬಲ್ಬು ಹಾಕಿ ತೊಳೆದರೆ ಕಪ್ಪು ಬಿಳಿ ಅದಲುಬದಲಾದ ಚಿತ್ರ ಬರುತ್ತದೆ. ಅದನ್ನು ಇನ್ನೊಂದು ಕಾಗದದ ಮೇಲೆ ಒತ್ತಿ ಬೆಳಕು ಕೊಟ್ಟರೆ ಸರಿಯಾದದ್ದು.

ಕ್ಯಾಮೆರಾ ಹೊತ್ತುಕೊಂಡು ಹೋಗಿ ಮೊದಲು ನಮ್ಮ ಹಟ್ಟಿಯನ್ನೇ ತೆಗೆದೆ. ಒಂದು ಪಾಠ ಆಯಿತು. ಈ ಗಾಜಿನಲ್ಲಿ ನಟ್ಟನಡುವೆ ಹಾದುಹೋಗುವ ಗೆರೆ ಮಾತ್ರ ನೆಟ್ಟಗಿರುತ್ತದೆ, ಉಳಿದದ್ದೆಲ್ಲ ಬಾಗುತ್ತದೆ. ಮೊದಲ ಹಾಳೆಯಲ್ಲಿ ಕ್ಯಾಮೆರಾ ತುಸು ಬಗ್ಗಿತ್ತು, ಇಡೀ ಹಟ್ಟಿ ಬೆಟ್ಟದ ಮೇಲಿಂದ ಜಾರಿ ಬೀಳುತ್ತಿತ್ತು. ಗಾರೆ ಕೆಲಸದವರ ಹತ್ತಿರ ರಸಮಟ್ಟ ತಂದು ಕ್ಯಾಮೆರಾ ತಲೆಯ ಮೇಲಿಟ್ಟೆ. ಎರಡನೆಯದರಲ್ಲಿ ನೆಲ ಆಕಾಶ ಸೇರುವ ಗೆರೆ ನೂಲು ಎಳೆದಂತೆ ಬಂತು. ಕೆಳಗಡೆ ನನ್ನ ಚಪ್ಪಲಿಯೂ ಬಂತು.

ಮೋಹನ್‌ಕುಮಾರ್ ಆ ದುಂಡು ಚಿತ್ರವನ್ನು ಒದ್ದೆಯಿರುವಾಗಲೇ ಬೆಳಕಿಗೆ ಹಿಡಿದ. ಅವನ ದನಿ ಬದಲಾಗಿತ್ತು.

“ಲೇ, ಮೇಲೆ ಕೆಳಗೆ ಕತ್ತರಿಸಿಬಿಡೋ. ನಡುವಿಂದು ಉದ್ದನೆ ಪಟ್ಟಿ ಸಿಗ್ತೈತೆ, ಏನ್ ಅಗಲ, ಏನ್ ಅಗಲ! ದೊಡ್ಡದು ಮಾಡಿ ಷೋಕೇಸಲ್ಲಿ ಹಾಕಾಣ, ನಿನ್ ಹೆಸ್ರು ಬರ್ಸಾಣ.”

“ಆಮೇಲೆ. ಮೊದ್ಲು ಅಪ್ಪ ನೋಡ್ಲಿ.”

ಅಪ್ಪ ಅದನ್ನು ಇಸಿದುಕೊಂಡು ಮೂಗಿನ ಹತ್ತಿರ ಹಿಡಿದ. “ಬೇವಿನ್ ಮರ” ಅಂದ. ಅಷ್ಟೇ ಕಂಡಿತ್ತು.

“ದೂರ ಹಿಡಿಯಪ್ಪ. ಇನ್ನೂ ದೂರ. ಕೈ ಪೂರ್ತಿ ಚಾಚು.”

ಅವನ ಕೈ ಮೆಲ್ಲಗೆ ಮುಂದಕ್ಕೆ ಹೋಯಿತು. ಅಂಗೈಯಗಲದ ಆ ದುಂಡು ಸಣ್ಣದಾಗುತ್ತಾ, ಸಣ್ಣದಾಗುತ್ತಾ ಅವನ ಕೊಳವೆಯ ಬಾಯಿಗೆ ಸರಿಯಾಗಿ ಬಂದು ಕೂತಿರಬೇಕು. ಅವನ ಹುಬ್ಬಿನ ಗಂಟು ಸಡಿಲವಾಯಿತು. ಬಾಯಿ ಅರೆ ತೆರೆಯಿತು. ಹೊರಗೆ ಯಾರದೋ ಮನೆಯಲ್ಲಿ ಒರಳು ಕುಟ್ಟುವ ಸದ್ದು, ಅದೂ ನಿಂತಂತಾಯಿತು.

“ನಮ್ ಮನೆ... ಬೇವಿನ್ ಮರ... ಗುಡಿ... ರೊಪ್ಪದ ಬಾಗ್ಲು... ಕೆಂಚಿ ನೀರ್ ಹೊತ್ಕಂಡು ಬರ್ತಾ ಅವ್ಳೆ. ಎಲ್ಲಾ ಒಂದೇ ಸಲಕ್ಕೆ ಕಾಣ್ತಾ ಅವೆ ಕಣೋ. ಎಲ್ಲಾನೂ.” ಸ್ವಲ್ಪ ತಡೆದು, “ಇದ್ಯಾರ ಚಪ್ಲಿಲೇ?”

“ನಂದು.”

“ಹರಿದೈತೆ. ಹೊಲಿಸ್ಕ.” ಅಪ್ಪ ಚಿತ್ರದಿಂದ ಕಣ್ಣು ತೆಗೆಯಲಿಲ್ಲ. “ಏನಂತಾರೆ ಇದಕ್ಕೆ?”

“ಮೀನುಗಣ್ಣು ಅಂತಾರಪ್ಪ.”

“ಯಾವ ತಿಳಿಗೇಡಿ ಇಟ್ಟ ಹೆಸ್ರು? ಮೀನು ಏನ್ ನೋಡ್ತೈತೆ, ನೀರು. ಇದು ಕುರಿಗಣ್ಣು. ಕುರಿ ತಲೆ ಎತ್ತದಂಗೆ, ಮೇಯ್ತಾ ಮೇಯ್ತಾನೇ, ಬೆನ್ನ ಹಿಂದೆ ಬರೋ ತೋಳನ್ನ ನೋಡ್ತೈತೆ.” ಆಮೇಲೆ ಮಗು ಕೇಳಿದ ಹಾಗೆ ಕೇಳಿದ: “ಹಿಂಡು ತೆಗಿತೀಯೇನೋ ಹಿಂಗೇ?”

ತೆಗೆಯುತ್ತೇನೆ ಅಂದೆ. ಪ್ರಯೋಗ ಮಾಡುತ್ತಾ ಮಾಡುತ್ತಾ ಕಾಗದವೆಲ್ಲ ಮುಗಿದು, ಅಚ್ಚು ಒತ್ತಲು ಸಾಕಾಗುವ ಒಂದೆರಡು ಮಂಕು ಹಾಳೆಯ ಜೊತೆ ಚೆನ್ನಾಗಿರುವುದು ಒಂದೇ ಹಾಳೆ ಉಳಿಯಿತು. ಅದನ್ನು ಕತ್ತಲಲ್ಲಿ ಮರದ ಚೌಕಟ್ಟಿಗೆ ಸೇರಿಸಿ ಚೀಲಕ್ಕೆ ಹಾಕಿಕೊಂಡೆ.

ಗೊತ್ತು ಮಾಡಿದ ದಿನ ಹಿಂಡು ಯಲ್ಲದಕೆರೆ ಕಡೆಯ ಬಯಲಲ್ಲಿತ್ತು. ನಾನು ಕ್ಯಾಮೆರಾ ಹೊತ್ತು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಇಳಿಮುಖವಾಗಿತ್ತು. ನೋಡಿದರೆ ಬಯಲಲ್ಲಿ ಎರಡು ಹಿಂಡು. ಚಿಕ್ಕಪ್ಪ ಬೆಳಗ್ಗೆಯೇ ತನ್ನ ಪಾಲಿನ ಕುರಿಗಳ ಬೆನ್ನಿಗೆ ಕೆಮ್ಮಣ್ಣು ಬಳಿದು ಬೇರೆ ಮಾಡಿಬಿಟ್ಟಿದ್ದ. ಅವನ ಅಂಗೈಯೆಲ್ಲ ಕೆಂಪು. ಆ ಕಡೆ ಅಪ್ಪ ಕಂಬಳಿ ಹೊದ್ದು ಕಲ್ಲಿನ ಮೇಲೆ ಕುಳಿತಿದ್ದ.

“ಒಡ್ಯೋಕ್ ಮುಂಚೆ ಅಂದಿದ್ದು ಮರೆತ್ಯಾ ಚಿಕ್ಕಪ್ಪ?” ನಾನು ಕೂಗಿದೆ. “ಮಾತು ಅಂದ್ರೆ ಏನು, ಎಂಜಲಾ, ಉಗಿದು ಹೋಗೋಕೆ?”

“ಬಾಯಿ ಬಿಗಿ ಹಿಡ್ದು ಮಾತಾಡ್ಲೇ. ನೀನು ಬರೋದು ಯಾವಾಗ, ನಾನು ಹೊಂಡೋದು ಯಾವಾಗ? ಎರಡೂ ಪಾಲು ಪಕ್ಕಪಕ್ಕ ನಿಲ್ಲಿಸ್ತೀನಿ, ತೆಗಿ. ಫೋಟೋದಾಗೆ ಒಂದೇ ಅಲ್ವಾ?”

“ಒಂದೇ ಹೆಂಗಾಗ್ತೈತೆ?”

“ಬಿಡೋ ತಿಮ್ಮ” ಅಂದ ಅಪ್ಪ ಕುಳಿತಲ್ಲಿಂದಲೇ. “ಸಿಕ್ಕಿದ್ದು ತೆಗಿ.”

ಅವನು ಹಾಗೆ ಅಂದದ್ದೇ ನನಗೆ ಇನ್ನೂ ಉರಿಯಿತು. ಆದರೆ ಬೆಳಕು ಯಾರ ಜಗಳವನ್ನೂ ಕಾಯುವುದಿಲ್ಲ. ಕ್ಯಾಮೆರಾವನ್ನು ಬೋರೆದಿಣ್ಣೆಯ ಮೇಲೆ ನಿಲ್ಲಿಸಿ ಮಟ್ಟ ನೋಡಿದೆ. ಈ ಲೆನ್ಸಿಗೆ ದೂರದ್ದೆಲ್ಲ ರಾಗಿಕಾಳು. ಹಿಂಡು ತೀರಾ ಹತ್ತಿರ ಬೇಕು, ಅದೂ ಸಾಲಾಗಿ ಅಲ್ಲ, ಕ್ಯಾಮೆರಾವನ್ನು ಅರ್ಧ ಸುತ್ತುವರಿದು. ಸಾಲಾಗಿ ನಿಂತರೆ ನಡುವಿನವು ದೊಡ್ಡವು, ತುದಿಯವು ಇರುವೆ. ಅಪ್ಪನ ಜೊತೆ ಬಂದಿದ್ದ ಅವ್ವ ಮಡಿಲಲ್ಲಿ ಜಾಲಿಕಾಯಿ ತಂದಿದ್ದಳು. ಅವನ್ನು ಕ್ಯಾಮೆರಾದ ಮುಂದೆ ಅರ್ಧಚಂದ್ರದ ಹಾಗೆ ಚೆಲ್ಲಿಸಿದೆ. ಎಡಗಡೆ ನಮ್ಮ ಪಾಲು ಬಂದು ಬಾಯಿ ಹಾಕಿತು, ಅವ್ವ ಅವುಗಳ ಹೊರಗಡೆ ನಿಂತಳು. ಬಲಗಡೆ ಕೆಂಪು ಬೆನ್ನಿನವು, ಚಿಕ್ಕಪ್ಪ ಕೋಲು ಹಿಡಿದು ನಿಂತ. ನಡುವೆ ಒಂದು ಗಾಡಿ ಹೋಗುವಷ್ಟು ಖಾಲಿ ನೆಲ.

ಕ್ಯಾಮೆರಾದ ಕರೀ ಬಟ್ಟೆಯನ್ನು ಇಲಿ ತಿಂದು ಯಾವ ಕಾಲವಾಗಿತ್ತೋ. ಅಪ್ಪನ ಕಂಬಳಿ ಇಸಿದುಕೊಂಡು ತಲೆಯ ಮೇಲೆ ಹಾಕಿಕೊಂಡೆ. ಒಳಗೆ ಉಣ್ಣೆಯ ವಾಸನೆ, ಬೆವರಿನ ವಾಸನೆ, ಹೊಗೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳುತ್ತಿದ್ದಂತೆ ಗಾಜು ನಿಧಾನವಾಗಿ ಬೆಳಗಿತು, ಬಾವಿಯ ತಳದಲ್ಲಿ ನೀರು ಕಾಣುವ ಹಾಗೆ.

“ನಂಗೂ ತೋರ್ಸೋ” ಅಂದ ಅಪ್ಪ. ಕೈ ಮುಂದೆ ಚಾಚಿ ತಡವುತ್ತಾ ಬಂದಿದ್ದ. ನಾನು ಹೊರಗೆ ಬಂದು ಅವನನ್ನು ಕಂಬಳಿಯೊಳಗೆ ಕಳಿಸಿ, ಗಾಜಿನಿಂದ ಒಂದು ತೋಳಿನಷ್ಟು ಹಿಂದಕ್ಕೆ ನಿಲ್ಲಿಸಿದೆ.

“ಲೇ! ತಲೆಕೆಳಗಾಗಿ ಅವೆ!”

“ಅದು ಹಂಗೇ ಅಪ್ಪ. ಕ್ಯಾಮೆರಾ ಹಂಗೇ ನೋಡೋದು.”

“ಮಣ್ಣು ಮೇಲೈತೆ, ಮೋಡ ಕೆಳಗೈತೆ. ಕುರಿ ಮಣ್ಣಿಗೆ ಜ್ವಾತು ಬಿದ್ದಾವೆ, ಬೇವಿನ್ ಹಣ್ಣಿನಂಗೆ.” ದನಿ ಒಮ್ಮೆಲೇ ಏರಿತು. “ಮೇಯ್ತಾ ಅವೆ ಕಣೋ! ಮೇಯ್ತಾ ಅವೆ! ಆವತ್ತಿಂದು ನಿಂತಿತ್ತು, ಇದು ನಡೀತೈತೆ!”

ನನಗೂ ಅದು ಹೊಳೆದಿರಲಿಲ್ಲ. ಕಾಗದದ ಮೇಲಿನ ಹಟ್ಟಿ ನಿಂತದ್ದು. ಗಾಜಿನ ಮೇಲಿನ ಹಿಂಡು ಬದುಕಿರುವುದು. ಅಪ್ಪನ ಕೊಳವೆಯೊಳಗೆ ಈಗ ಒಂದು ಪೂರಾ ಬಯಲು ಉಸಿರಾಡುತ್ತಿತ್ತು. ಕೆಳಗಿನ ಆಕಾಶದಲ್ಲಿ ಮೋಡಗಳು ಮೇಯುತ್ತಿದ್ದವು, ಮೇಲಿನ ಹುಲ್ಲಿನಲ್ಲಿ ಕುರಿಗಳು ತೇಲುತ್ತಿದ್ದವು, ಗುಡ್ಡದ ಗಾಳಿಯಂತ್ರಗಳು ಒಂದಕ್ಕೊಂದು ತಲೆಬಾಗಿ ನಿಧಾನವಾಗಿ ಕೈ ತಿರುಗಿಸುತ್ತಿದ್ದವು.

ಆದರೆ ಅಪ್ಪನ ಮಾತು ಇಳಿಯಿತು. “ನಡುವೆ ಹರಿದೈತೆ ತಿಮ್ಮ. ಇದು ಹಿಂಡಲ್ಲ. ತುಂಬ್ತಾ ಇಲ್ಲ.”

ಚಿಕ್ಕಪ್ಪನ ಕಡೆ ನೋಡಿದೆ. ಅವನು ಬೇರೆ ಕಡೆ ನೋಡಿದ.

ಅಷ್ಟರಲ್ಲಿ ಎಡಗಡೆ ಜಾಲಿಕಾಯಿ ಮುಗಿಸಿದ ಕೆಲವು ಕುರಿಗಳು ಆಚೆಯ ಶೇಂಗಾ ಹೊಲದ ಕಡೆ ಜಾರತೊಡಗಿದವು. ಕಂಬಳಿಯೊಳಗಿನಿಂದ ಒಂದು ಕೂಗು ಬಂತು. ಅದು ಎರಡು ವರ್ಷದಿಂದ ನಾನು ಕೇಳದೇ ಇದ್ದ ದನಿ.

“ಮುರುಗಾ! ಬಲಕ್ಕೆ ಒಡೀತಾ ಅವೆ! ಬಲಕ್ಕೆ! ಅಡ್ಡ ಬೀಳೋ!”

ಗಾಜಿನಲ್ಲಿ ಮೇಲು ಕೆಳಗಾಗುವ ಹಾಗೆಯೇ ಎಡ ಬಲವೂ ಅದಲುಬದಲು. ಎಡಕ್ಕೆ ಹೋಗುವ ಕುರಿ ಅಪ್ಪನ ಕಣ್ಣಿಗೆ ಬಲಕ್ಕೆ ಹೋಗುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ಓಡಿ ಆಗಿತ್ತು. ಬಲಗಡೆ ಏನೂ ಒಡೆದಿರಲಿಲ್ಲ, ಅವನ ಕುರಿಗಳು ತೆಪ್ಪಗೆ ತಿನ್ನುತ್ತಿದ್ದವು. ಅವನು ನೋಡಲೂ ಇಲ್ಲ. ಪಂಚೆ ಎತ್ತಿಕಟ್ಟಿ, ಬಲ ತುದಿಯ ಹೊರಗಿನಿಂದ ಸುತ್ತು ಹಾಕಿ, “ಹೊಯ್ ಹೊಯ್ ಟುರ್‌ರ್‌ರ್” ಅಂತ ಕೋಲು ಬೀಸಿದ. ಬೆಚ್ಚಿದ ಕೆಂಪು ಬೆನ್ನಿನವೆಲ್ಲ ಒಂದೇ ನೆಗೆತಕ್ಕೆ ನಡುವಿನ ಖಾಲಿ ನೆಲ ದಾಟಿದವು. ಆ ಕಡೆ ಶೇಂಗಾ ಹೊಲಕ್ಕೆ ಹೊರಟಿದ್ದವನ್ನು ಅವ್ವ ಸೆರಗು ಬೀಸಿ ಒಳಕ್ಕೆ ತಿರುಗಿಸಿದಳು. ಎರಡೂ ಪಾಲು ಕ್ಯಾಮೆರಾದ ಮುಂದೆ ಬಂದು ಒಂದಕ್ಕೊಂದು ಡಿಕ್ಕಿ ಹೊಡೆದವು. ಧೂಳೆದ್ದಿತು. ಮರಿಗಳು ತಾಯಿಗಳನ್ನು ಕೂಗಿದವು, ತಾಯಿಗಳು ಮರಿಗಳನ್ನು ಕೂಗಿದವು.

“ಅದು ಎಡ ಕಣೋ ಅಣ್ಣಾ! ಎಡ!” ಚಿಕ್ಕಪ್ಪ ಏದುಸಿರು ಬಿಡುತ್ತಾ ಬಂದ. “ಥೂ ನನ್ ಮಕ್ಕೆ... ಬೆಳಗ್ಗಿಂದ ಬೇರೆ ಮಾಡಿದ್ದೆಲ್ಲ ಹಾಳಾತಲ್ಲೋ!”

ಅವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಅಲ್ಲ ಕಣಪ್ಪ, ನಿಂಗೆ ಎರಡು ಕಣ್ಣು ಅವೆ, ನೋಡ್ಕಂಡು ಓಡ್ಬಾರ್ದಾ? ಯಾಕ್ ಓಡ್ದೆ?”

“ಅಣ್ಣ ಕೂಗಿದ್ನಲ್ಲ!”

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತೇನೋ, ಕೋಲು ಊರಿ ನಿಂತ. “ಈಗ ಬಿಡಿಸೋಕೆ ಕುಂತ್ರೆ ಕತ್ಲಾಗ್ತೈತೆ. ನಾಳೆ ನೋಡಾಣ” ಅಂತ ಗೊಣಗಿದ.

ಧೂಳು ಚಿನ್ನದ ಬಣ್ಣಕ್ಕೆ ತಿರುಗಿ ಮೆಲ್ಲಗೆ ಇಳಿಯಿತು. ಅದರೊಳಗಿನಿಂದ ಹಿಂಡು ಕಾಣಿಸಿಕೊಂಡಿತು. ಕೆಂಪು ಬೆನ್ನು, ಬರೀ ಬೆನ್ನು, ಎಲ್ಲ ಬೆರೆತು, ಅರ್ಧಚಂದ್ರದುದ್ದಕ್ಕೂ ಎಲ್ಲೂ ಸಂದಿಲ್ಲದೆ, ಉಳಿದ ಜಾಲಿಕಾಯಿಗೆ ತಲೆ ತಗ್ಗಿಸಿತ್ತು. ನಾನು ಬಯಸಿದರೂ ಹಾಗೆ ನಿಲ್ಲಿಸಲಾಗುತ್ತಿರಲಿಲ್ಲ. ಬೆಳಕು ಓರೆಯಾಗಿ ಒಂದೊಂದರ ಬೆನ್ನಿನ ಉಣ್ಣೆಯ ಅಂಚಿಗೂ ಹತ್ತಿತ್ತು. ಚೀಲದಿಂದ ಹಾಳೆಯ ಚೌಕಟ್ಟು ತೆಗೆದೆ.

“ಅಪ್ಪ, ಸರಿ. ಹಾಳೆ ಹಾಕ್ತೀನಿ.”

ಕಂಬಳಿ ಅಲುಗಲಿಲ್ಲ.

“ಅಪ್ಪ, ಬೆಳಕು ಹೋಗ್ತೈತೆ.”

“ಸುಮ್ನಿರೋ.”

ಈ ಕ್ಯಾಮೆರಾದ ಕಾನೂನು ಒಂದೇ. ಉಜ್ಜುಗಾಜು ಇರುವ ಜಾಗಕ್ಕೇ ಹಾಳೆ ಬರಬೇಕು. ಹಾಳೆ ನೋಡುವಾಗ ಮನುಷ್ಯ ನೋಡುವಂತಿಲ್ಲ, ಮನುಷ್ಯ ನೋಡುವಾಗ ಹಾಳೆ ನೋಡುವಂತಿಲ್ಲ. ನಾನು ಚೌಕಟ್ಟು ಹಿಡಿದು ನಿಂತೆ. ಷೋಕೇಸು ಕಣ್ಣ ಮುಂದೆ ಬಂತು, ಪ್ಲಾಸ್ಟಿಕ್ ಹೂವು ತೆಗೆದು ಅಲ್ಲಿ ಈ ಉದ್ದನೆಯ ಹಿಂಡು, ಕೆಳಗೆ ನನ್ನ ಹೆಸರು, ಓಣಿಯಲ್ಲಿ ಹೋಗುವವರೆಲ್ಲ ನಿಂತು ನೋಡುವುದು. ಹಟ್ಟಿಯಲ್ಲಿ ನಕ್ಕವರೂ ನೋಡುವುದು. ಅಪ್ಪನ ತೋಳು ಹಿಡಿದು ಎಳೆದರೆ ಮುಗಿಯಿತು, ಮೂರು ಉಸಿರಿನ ಕೆಲಸ. ಆಮೇಲೆ ಕಾಗದ ತೊಳೆದು, ಒಣಗಿಸಿ, ಇದನ್ನೇ ಅವನ ಕೈಗೆ ಕೊಡಬಹುದು. ಅದರಲ್ಲಿ ಕುರಿ ಅಲುಗಿ ಹೊಗೆಯಾಗಿರುತ್ತವೆ ಅಷ್ಟೇ.

ಕಂಬಳಿಯೊಳಗೆ ಅಪ್ಪ ಮಾತಾಡುತ್ತಿದ್ದ. ನನ್ನ ಜೊತೆ ಅಲ್ಲ. “ಕರಿಮೂತಿ... ಇಲ್ಲೈತೆ. ಕಿವಿ ಹರಕಿ... ಅದರ ಮರಿ... ಕಾಲು ಎಳೆಯೋದು ಹಿಂದ್ಗಡೆ ಐತೆ... ಬೋಳಿ... ಆ, ಅಲ್ಲೈತೆ ಬೋಳಿ...” ಆಮೇಲೆ ಬಹಳ ಮೆತ್ತಗೆ, “ತುಂಬ್ತು” ಅಂದ. “ಕಣ್ಣು ತುಂಬ್ತು ಕಣೋ.”

ಚೌಕಟ್ಟನ್ನು ಚೀಲಕ್ಕೆ ಹಾಕಿ ಬಕಲ್ ಬಿಗಿದೆ. ಕಂಬಳಿ ಎತ್ತಿ ನಾನೂ ಒಳಗೆ ಹೋದೆ. ಅಪ್ಪ ಸ್ವಲ್ಪ ಸರಿದು ಜಾಗ ಕೊಟ್ಟ. ಇಬ್ಬರ ಉಸಿರೂ ಗಾಜಿಗೆ ತಾಗದ ಹಾಗೆ ನಿಂತೆವು.

“ತೆಗೆದ್ಯೇನ್ಲೇ?” ಹೊರಗಿನಿಂದ ಚಿಕ್ಕಪ್ಪ.

“ಇಲ್ಲ.”

“ಮತ್ತೆ ಎರಡು ತಲೆ ಹಾಕ್ಕಂಡು ಒಳಗೆ ಏನ್ ಕಡೀತಾ ಇದೀರಾ?”

“ಬಾ, ನೋಡು.”

ಮೂರನೆಯ ತಲೆಯೂ ಬಂತು, ಕೆಮ್ಮಣ್ಣು ಬೆವರು ಬೀಡಿಯ ವಾಸನೆ ಸಮೇತ. ಚಿಕ್ಕಪ್ಪ ಗಾಜಿನ ಕಡೆ ಬಗ್ಗಿದ. “ಅಣ್ಣ, ಇದ್ರಾಗೆ ನನ್ ಪಾಲು ಯಾವ್ದು?” ಅಂತ ಪಿಸುಗುಟ್ಟಿದ. ಆ ಗಾತ್ರಕ್ಕೆ, ಆ ಬೆಳಕಿಗೆ, ಎಲ್ಲ ಬೆನ್ನೂ ಕೆಂಪಗೇ ಇದ್ದವು.

ಹಿಂಡು ಮೇಲಿನ ನೆಲದಲ್ಲಿ ನಿಧಾನವಾಗಿ ಹರಿಯುತ್ತಿತ್ತು. ಕೆಳಗೆ ಆಕಾಶ ಜೇನಿನ ಬಣ್ಣವಾಗಿ, ಆಮೇಲೆ ನೇರಳೆ ಬಣ್ಣವಾಗಿ ಆಳವಾಯಿತು. ಆಗ ಅಪ್ಪನ ಕೈ ಕತ್ತಲಲ್ಲಿ ನನ್ನ ಮಣಿಕಟ್ಟು ಹುಡುಕಿ ಬಿಗಿಯಾಗಿ ಹಿಡಿಯಿತು.

“ತಿಮ್ಮ. ಮಂಕಾಗ್ತಾ ಐತೆ.” ಅವನ ದನಿಯಲ್ಲಿ ಅಂಥ ಭಯವನ್ನು ನಾನು ಕೇಳಿರಲಿಲ್ಲ. “ಅಂಚು ಹೋತು. ಇನ್ನೂ ಒಳಕ್ಕೆ ಬರ್ತಾ ಐತೆ.”

“ನಿನ್ ಕಣ್ಣಲ್ಲ ಅಪ್ಪ. ಹೊತ್ತು ಮುಳುಗ್ತಾ ಐತೆ. ನಂಗೂ ಹಂಗೇ ಕಾಣ್ತೈತೆ.”

“ನಿಜವಾಗ್ಲೂ?”

“ಆಣೆಗೂ. ಈ ಲೆನ್ಸಿಗೆ ಬೆಳಕು ಕಮ್ಮಿ ಆದ್ರೆ ಮೊದ್ಲು ಅಂಚೇ ಹೋಗೋದು.”

“ನಂಗೂ ಅಣ್ಣ” ಅಂದ ಚಿಕ್ಕಪ್ಪ.

ಮೂವರೂ ನೋಡುತ್ತಾ ನಿಂತೆವು. ತುದಿಯ ಕುರಿಗಳು ಮೊದಲು ಹೋದವು, ಆಮೇಲೆ ಅವುಗಳ ಪಕ್ಕದವು. ದುಂಡು ಚಿಕ್ಕದಾಗುತ್ತಾ ಬಂತು. ನಡುವೆ ಒಂದಿಷ್ಟು ಬೆನ್ನುಗಳು, ಒಂದು ತುಂಡು ಆಕಾಶ, ಒಂದು ಗಾಳಿಯಂತ್ರ ಮಾತ್ರ ಉಳಿದು ಹೊಳೆಯುತ್ತಿದ್ದವು.

“ನಿಂಗೆ ಹಿಂಗೇನಾ ಅಣ್ಣ ಕಾಣೋದು? ದಿನಾ?” ಚಿಕ್ಕಪ್ಪ ಕೇಳಿದ.

“ಹೂಂ. ಹಿಂಗೇ.”

ಅಪ್ಪನ ಹಿಡಿತ ಸಡಿಲವಾಯಿತು, ಆದರೆ ಕೈ ಅಲ್ಲೇ ಇತ್ತು.

ಹೊರಗಿನಿಂದ ಅವ್ವ ಅರಚಿದಳು. “ಏನ್ರಪ್ಪೋ! ಮೂರೂ ಜನ ಕಂಬಳಿಯಾಗೆ ಸೇರ್ಕಂಡ್ರೆ ಕುರಿ ಕಾಯೋಳು ನಾನೊಬ್ಳೇನಾ? ಶೇಂಗಾ ಹೊಲಕ್ಕೆ ಬಿದ್ದಾವೆ, ಬರ್ರೋ!”

“ಬಂದೆ ತಡಿಯೇ” ಅಂದ ಅಪ್ಪ. ಆದರೆ ನಡುವಿನ ಆ ಒಂದು ಚೂರು ಬೆಳಕು ಹೋಗುವವರೆಗೆ ಯಾರೂ ಕಂಬಳಿ ಎತ್ತಲಿಲ್ಲ.